ಹಿತ್ತಿಲ ಬೀಗಕ್ಕೆ ಹನ್ನೆರಡು ವೋಲ್ಟಿನ ಉತ್ತರ

ಟೈಲರಮ್ಮನ ಮನೆಯ ಹಿತ್ತಿಲ ಬಾಗಿಲಿಗೆ ಬೀಗ ಬಿದ್ದು ಹನ್ನೊಂದು ದಿನವಾಗಿತ್ತು. ಹಾಕಿದ್ದು ಅವಳ ಗಂಡ. ಕಳ್ಳರಿಗೆ ಹೆದರಿ ಅಲ್ಲ, ಹೆತ್ತ ತಾಯಿಗೆ ಹೆದರಿ!

ಗಂಡ ಬಸ್ ಕಂಡಕ್ಟರ್. ದಿನವಿಡೀ "ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ" ಎಂದು ಕೂಗಿ ಕೂಗಿ ಮನೆಯಲ್ಲೂ ಅದೇ ಮಾತು ಬಾಯಿಗೆ ಅಂಟಿಬಿಟ್ಟಿತ್ತು. ಹಿಂದಿನ ತಿಂಗಳು ಅವನ ತಾಯಿ, ಟೈಲರಮ್ಮನ ಅತ್ತೆ, ಮಬ್ಬುಗತ್ತಲಲ್ಲಿ ಹಿತ್ತಿಲಿಗೆ ಇಳಿಯುವಾಗ ಮೂರನೇ ಮೆಟ್ಟಿಲಲ್ಲಿ ಕಾಲು ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಪಟ್ಟಿ ಬಿಚ್ಚಿದ ದಿನವೇ ಮಗನ ಅಪ್ಪಣೆಯಾಯಿತು. ಸಂಜೆಯಾದ ಮೇಲೆ ಹಿತ್ತಿಲಿಗೆ ಕಾಲಿಡುವಂತಿಲ್ಲ.

ಅತ್ತೆ ಕೈಯಾರೆ ಬೆಳೆಸಿದ ರಾತ್ರಿರಾಣಿ ಗಿಡ ಮಾತ್ರ ಯಾರ ಅಪ್ಪಣೆಗೂ ಕಾಯಲಿಲ್ಲ. ಅದು ಅರಳುವುದೇ ಕತ್ತಲಾದ ಮೇಲೆ. ದಿನವೂ ಅದರ ಬುಡದಲ್ಲಿ ಅರ್ಧ ಗಂಟೆ ಕೂರುತ್ತಿದ್ದ ಹೆಂಗಸು ಈಗ ಅಡುಗೆಮನೆಯ ಕಿಟಕಿ ಸರಳಿಗೆ ಮೂಗು ಒತ್ತಿ ನಿಲ್ಲುವುದನ್ನು ನೋಡಿ ಸೊಸೆ ಗಂಡನ ಮುಂದೆ ಹೋಗಿ ನಿಂತಳು.

"ದೀಪ ಹಾಕಿದ್ರೆ ಆಯ್ತಲ್ಲ, ಬೀಗ ಯಾಕ್ರೀ?" ಎಂದಳು.

"ಹಾಕಿದ್ದೆನಲ್ಲ, ಮರೆತುಹೋಯ್ತಾ?"

ಯಾರೂ ಮರೆತಿರಲಿಲ್ಲ. ಮನೆಯೊಳಗಿನ ವೈರನ್ನೇ ಕಿಟಕಿಯಿಂದ ಹೊರಗೆ ಎಳೆದು, ನಡುವೆ ಗಂಟು ಹಾಕಿ, ಕರಿ ಟೇಪು ಸುತ್ತಿ, ಒಂದು ಬಲ್ಬು ನೇತುಹಾಕಿದ್ದ ಮಹಾನುಭಾವ. ಮೊದಲ ಮಳೆಗೇ ಅದರಿಂದ ಬಟ್ಟೆ ಒಣಹಾಕುವ ತಂತಿಗೆ ಕರೆಂಟ್ ಹರಿದು, ಮುಟ್ಟಿದ ಅತ್ತೆಗೆ ಜುಮ್ಮೆಂದಿತ್ತು. ಅತ್ತೆಯ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಅದೃಷ್ಟ ಗಟ್ಟಿಯಿತ್ತು. ಬಲ್ಬು ಅಂದೇ ಕೆಳಗಿಳಿದಿತ್ತು.

"ಹಿತ್ತಿಲಿಗೂ ಕರೆಂಟಿಗೂ ಆಗಿಬರಲ್ಲ. ಕತೆ ಮುಗೀತು" ಎಂದ ಕಂಡಕ್ಟರ್.

"ನನ್ನ ಕತೆ ಮುಗಿಸೋಕೆ ನೀನ್ಯಾರೋ?" ಅಡುಗೆಮನೆಯಿಂದ ಅತ್ತೆಯ ದನಿ ಬಂತು.

ಮರುದಿನ ಯೂನಿಫಾರಂ ಸಡಿಲ ಮಾಡಿಸಲು ಫ್ಯೂಸ್ ಅಕ್ಕ ಬಂದಳು. ಕರೆಂಟ್ ಆಫೀಸಿನ ರಿಪೇರಿ ವಿಭಾಗದಲ್ಲಿ ಕೆಲಸ, ಅದಕ್ಕೇ ಆ ಹೆಸರು. ಟೈಲರಮ್ಮ ಎಲ್ಲ ಹೇಳಿಕೊಂಡಳು.

"ತಪ್ಪು ಕರೆಂಟಿಂದಲ್ಲ, ನಿನ್ನ ಗಂಡಂದು" ಎಂದಳು ಫ್ಯೂಸ್ ಅಕ್ಕ. "ಇನ್ನೂರ ಮೂವತ್ತು ವೋಲ್ಟನ್ನ ಹಾಗೇ ಮಳೆಗೆ ಬಿಟ್ರೆ ಅದು ಸುಮ್ಮನಿರುತ್ತಾ? ತೋಟಕ್ಕೆ ಅಂತಾನೇ ಹನ್ನೆರಡು ವೋಲ್ಟಿನ ಎಲ್‌ಇಡಿ ದೀಪ ಸಿಗುತ್ತೆ. ನಡುವೆ ಟ್ರಾನ್ಸ್‌ಫಾರ್ಮರ್ ಅಂತ ಒಂದು ಡಬ್ಬಿ. ದೊಡ್ಡ ಕರೆಂಟನ್ನ ತಗೊಂಡು ಸಣ್ಣದು ಮಾಡಿ ಕೊಡುತ್ತೆ."

"ನಾನೇ ಹಾಕಬಹುದಾ ಅಕ್ಕಾ?"

"ಡಬ್ಬಿಯಿಂದ ಆಚೆಗೆ ಪೂರ್ತಿ ನೀನೇ ಹಾಕು. ಆದ್ರೆ ಡಬ್ಬಿ ಸಿಕ್ಕಿಸೋ ಪ್ಲಗ್ ಪಾಯಿಂಟನ್ನ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲೇ ಹಾಕಿಸು. ಕರೆಂಟ್ ಸೋರಿದ ತಕ್ಷಣ ತಾನೇ ಆಫ್ ಆಗೋ ಸ್ವಿಚ್ಚು ಅಲ್ಲಿರಲೇಬೇಕು. ಆ ವಿಷಯದಲ್ಲಿ ಜಾಣತನ ಬೇಡ."

ಸಂಜೆ ಗಂಡ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕ. "ಗುಂಡಿ ಹೊಲಿಯೋಳು ಲೈನ್ ಎಳೀತಾಳಂತೆ!"

"ಹೌದು, ಎಳೀತೀನಿ. ಬೀಗದ ಕೀ ಕೊಡಿ" ಎಂದು ಅವಳು ಕೈ ಚಾಚಿದಳು. ಚಾಚಿದ ಕೈ ಕೆಳಗಿಳಿಯಲಿಲ್ಲ. ಕೊನೆಗೆ ಕೀ ಕೊಡಬೇಕಾಯಿತು.

ಬಟ್ಟೆ ಅಳತೆಯ ಖಾಕಿ ಕಾಗದದ ಮೇಲೆ ಟೈಲರಮ್ಮ ಹಿತ್ತಿಲಿನ ನಕ್ಷೆ ಬರೆದಳು. ದೀಪ ಎಲ್ಲೆಲ್ಲಿ ಬೇಕೆಂದು ಅಂದಾಜಿಗೆ ಗುರುತು ಹಾಕಲಿಲ್ಲ. ಮುಸ್ಸಂಜೆಯಲ್ಲಿ ಅತ್ತೆಯ ಕೈಹಿಡಿದು ನಡೆಸಿದಳು. ಕಾಲು ಅನುಮಾನಿಸಿದ ಕಡೆಯೆಲ್ಲ ಒಂದೊಂದು ಖಾಲಿ ದಾರದ ರೀಲು ಇಟ್ಟಳು. ನಾಲ್ಕು ಮೆಟ್ಟಿಲಿಗೆ ನಾಲ್ಕು, ನಲ್ಲಿಯ ಹತ್ತಿರ ಒಂದು, ದಾರಿಯ ತಿರುವಿನಲ್ಲಿ ಎರಡು, ರಾತ್ರಿರಾಣಿಯ ಬುಡಕ್ಕೆ ಒಂದು.

"ಎಂಟು ದೀಪ, ಒಂದೊಂದು ನಾಲ್ಕು ವಾಟ್, ಒಟ್ಟು ಮೂವತ್ತೆರಡು" ಎಂದು ಫ್ಯೂಸ್ ಅಕ್ಕ ಲೆಕ್ಕ ಹೇಳಿಕೊಟ್ಟಳು. "ಡಬ್ಬಿ ಮೇಲೆ ಬರೆದಿರೋ ಶಕ್ತಿಯಲ್ಲಿ ನೂರಕ್ಕೆ ಎಂಬತ್ತು ಪಾಲು ದಾಟಬಾರದು. ಅರವತ್ತು ವಾಟಿಂದು ತಗೋ, ನಾಳೆ ಇನ್ನೆರಡು ದೀಪ ಬೇಕನ್ನಿಸುತ್ತೆ. ಮಳೆಗೆ ತಡೆಯೋದೇ ಆಗಬೇಕು. ನೆಲದಿಂದ ಒಂದಡಿ ಮೇಲೆ ಗೋಡೆಗೆ ಹಾಕು."

ಎಲೆಕ್ಟ್ರಿಷಿಯನ್ ಪಾಯಿಂಟ್ ಹಾಕಿ ಹೋದ. ಟೈಲರಮ್ಮ ಟೇಪು ಹಿಡಿದು ರೀಲಿನಿಂದ ರೀಲಿಗೆ ಅಳೆದು, ಹೊರಾಂಗಣದ ಕೇಬಲ್ಲನ್ನು ಕೂದಲೆಳೆಯೂ ಹೆಚ್ಚುಕಡಿಮೆ ಇಲ್ಲದಂತೆ ಕತ್ತರಿಸಿದಳು. ಅಲ್ಲೇ ಎಡವಟ್ಟಾಯಿತು. ಪ್ರತಿ ದೀಪಕ್ಕೂ ಕೇಬಲ್ ಮಣ್ಣಿಂದ ಮೇಲೆ ಬಂದು ಮತ್ತೆ ಕೆಳಗಿಳಿಯಬೇಕಲ್ಲ! ಏಳು ದೀಪ ಮುಗಿಯುವಷ್ಟರಲ್ಲಿ ಕೇಬಲ್ ಖಾಲಿ. ರಾತ್ರಿರಾಣಿ ಇನ್ನೂ ಎರಡು ಮಾರು ದೂರ.

ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. "ಹೊಲಿಗೆ ಕಲಿಯೋಕೆ ಬಂದವರಿಗೆಲ್ಲ 'ಒಳಗೆ ಬಟ್ಟೆ ಬಿಟ್ಟು ಕತ್ತರಿಸ್ರೇ' ಅಂತ ಬೈತೀಯಲ್ಲೇ!"

ಟೈಲರಮ್ಮನಿಗೆ ನಾಚಿಕೆಯಾಯಿತು, ಅಳುವೂ ಬಂತು. ಅಷ್ಟರಲ್ಲಿ ಕಂಡಕ್ಟರ್ ಹುರುಪಿನಿಂದ ಬಂದ. "ಅದಕ್ಯಾಕೆ ಅಳ್ತೀಯ? ಒಂದು ತುಂಡು ವೈರ್ ತಿರುಚಿ ಟೇಪ್ ಸುತ್ತಿಬಿಡ್ತೀನಿ."

"ಕೈ ತೆಗೀರಿ!" ಎಂದಳು. "ನನ್ನ ಕೆಲಸಕ್ಕೆ ನಿಮ್ಮ ತೇಪೆ ಬೇಡ. ಟೇಪಿನೊಳಗೆ ನೀರು ಹೋಗುತ್ತೆ. ಇದೇ ಹಿತ್ತಿಲಲ್ಲಿ ಒಂದ್ಸಲ ನೋಡಿದ್ದೀವಿ."

ಅವಳು ಬೇರೆ ಕೇಬಲ್ ತಂದಳು. ಈ ಸಲ ಒಂದೊಂದು ದೀಪಕ್ಕೆ ಒಂದೊಂದು ಮೊಳ ಹೆಚ್ಚಿಗೆ ಬಿಟ್ಟಳು. ಮೆಟ್ಟಿಲುಗಳಿಗೆ ಒಂದು ಸಾಲು; ನಲ್ಲಿ, ತಿರುವು, ರಾತ್ರಿರಾಣಿ ಮೂರಕ್ಕೂ ಸೇರಿ ಡಬ್ಬಿಯಿಂದಲೇ ಇನ್ನೊಂದು ಸಾಲು ಎಳೆದಳು. "ಒಳ್ಳೇದೇ ಆಯ್ತು ಬಿಡು" ಎಂದಳು ಫ್ಯೂಸ್ ಅಕ್ಕ, "ಎಂಟನ್ನೂ ಒಂದೇ ಉದ್ದದ ತಂತಿಗೆ ಪೋಣಿಸಿದ್ರೆ ಕೊನೇ ದೀಪ ಮಂಕಾಗ್ತಿತ್ತು." ಟೈಲರಮ್ಮ ಪ್ಲಗ್ ಕಿತ್ತಿಟ್ಟು, ನೀರು ನುಗ್ಗದ ಕನೆಕ್ಟರುಗಳಲ್ಲಿ ಒಂದೊಂದೇ ದೀಪ ಜೋಡಿಸಿದಳು. ಹೂಳುವ ಮೊದಲು ಎಲ್ಲವನ್ನೂ ಒಮ್ಮೆ ಹೊತ್ತಿಸಿ ನೋಡಿದಳು. ಆಮೇಲೆ ಪ್ಲಗ್ ಮತ್ತೆ ಕಿತ್ತು, ಅರ್ಧ ಅಡಿ ಆಳದಲ್ಲಿ ಕೇಬಲ್ ಹೂತು, ಗುದ್ದಲಿ ಎಲ್ಲಿ ಬೀಳಬಾರದೆಂದು ಖಾಕಿ ಕಾಗದದಲ್ಲಿ ಗೆರೆ ಎಳೆದಿಟ್ಟಳು.

ಸಂಜೆ ಸ್ವಿಚ್ಚು ಒತ್ತಿದ್ದು ಅತ್ತೆ. ನಾಲ್ಕೂ ಮೆಟ್ಟಿಲು ಅಂಚಿನ ಸಮೇತ ಕಂಡವು. ಅವರು ಯಾರ ಕೈಯನ್ನೂ ಹಿಡಿಯದೆ ಇಳಿದರು. ಮೂರನೇ ಮೆಟ್ಟಿಲಲ್ಲಿ ಬೇಕೆಂದೇ ನಿಂತು ಒಮ್ಮೆ ಕಾಲು ಅಪ್ಪಳಿಸಿದರು. ರಾತ್ರಿರಾಣಿಯ ಬುಡದಲ್ಲಿ ಕೂತು ಹಿಂದಿರುಗಿ ನೋಡಿದರೆ ಮಗ ಕೈಯಲ್ಲಿ ಬೀಗ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಾನೆ.

"ಬಾಗಿಲಲ್ಲಿ ನಿಲ್ಲಬೇಡಪ್ಪಾ!" ಎಂದು ಅತ್ತೆ ಕೂಗಿದರು. "ಇಳಿಯೋದಾದ್ರೆ ಇಳಿ, ಇಲ್ದಿದ್ರೆ ಒಳಗೆ ಹೋಗು!"

ಕಂಡಕ್ಟರ್ ಬೀಗವನ್ನು ಟಿಕೆಟ್ ಚೀಲಕ್ಕೆ ಹಾಕಿ ಇಳಿದ. ತಾಯಿಯ ಪಕ್ಕ ಕೂತು, ಹೆಂಡತಿಯನ್ನು ಕೇಳಿದ: "ಡಬ್ಬಿಯಲ್ಲಿ ಇನ್ನೂ ಜಾಗ ಇದೆಯಂತಲ್ಲ, ಮುಂದಿನ ಗೇಟಿಗೂ ಎರಡು ಹಾಕ್ತೀಯಾ?"

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕತ್ತಲಿನ ನೆಪ ಹೇಳಿ ಯಾರನ್ನಾದರೂ ಒಳಗೆ ಕೂರಿಸಿದ್ದೀರಾ? ನಾಳೆ ಮುಸ್ಸಂಜೆ ಅವರ ಜೊತೆ ಹಿತ್ತಿಲಲ್ಲಿ ನಡೆಯಿರಿ, ಕಾಲು ಅನುಮಾನಿಸಿದಲ್ಲಿ ಗುರುತು ಹಾಕಿ. ಹನ್ನೆರಡು ವೋಲ್ಟಿನ ದೀಪವನ್ನೇ ತನ್ನಿ. ಪ್ಲಗ್ ಪಾಯಿಂಟ್ ಲೈಸೆನ್ಸ್ ಇರುವವರ ಕೈಲಿ ಹಾಕಿಸಿ, ಉಳಿದದ್ದನ್ನು ನೀವೇ ಮಾಡಿ. ಯಾರಾದರೂ "ನಿನ್ನ ಕೈಲಾಗುತ್ತಾ" ಎಂದು ನಕ್ಕರೆ, ಕೈ ಚಾಚಿ ಬೀಗದ ಕೀ ಕೇಳಿ.