ಸ್ಟೇರಿಂಗ್ ಹಿಡಿದ ಕೈ

ಶಾಲೆಯ ಸೈಕಲ್ ಸ್ಟ್ಯಾಂಡಿನ ಗೋಡೆಗೆ ಅಂಟಿಕೊಂಡಿದ್ದ ಮಣ್ಣಿನ ಕೆಲಸದ ಕೋಣೆಗೆ ಮಕ್ಕಳು ಯಾರೂ ತಾವಾಗಿ ಬರುತ್ತಿರಲಿಲ್ಲ. ಕಲಾ ವಿಭಾಗದಲ್ಲಿ ಹಾಡಲು ಬಾರದವರು, ಕುಣಿಯಲು ನಾಚುವವರು, ನಾಟಕದಲ್ಲಿ ಮರವಾಗಿ ನಿಲ್ಲಲೂ ಆಯ್ಕೆಯಾಗದವರು ಕೊನೆಗೆ ಅಲ್ಲಿಗೆ ಬಂದು ಬೀಳುತ್ತಿದ್ದರು. ಮಣ್ಣು ಮೇಷ್ಟ್ರು ಎಲ್ಲರಿಗೂ ಒಂದೊಂದು ಉಂಡೆ ಕೊಟ್ಟು ಸುಮ್ಮನೆ ಕೂರುತ್ತಿದ್ದರು. ಮಾತು ಅವರಿಗೂ ಅಷ್ಟಕ್ಕಷ್ಟೆ.

ಕೇಳಿಕೊಂಡು ಬಂದವಳು ಒಬ್ಬಳೇ. ಬಾಯಿ ಬಿಡದ ಅವಳನ್ನು ಜೊತೆಯವರು ಗುಮ್ಮನಗುಸುಕಿ ಎಂದು ಆಡಿಕೊಂಡು, ಅದು ಉದ್ದವಾಯಿತೆಂದು ಗುಮ್ಮಿ ಮಾಡಿದ್ದರು. ವರ್ಷವೆಲ್ಲಾ ಅವಳು ಮಾಡುತ್ತಿದ್ದುದು ಎರಡು ಕೈಗಳನ್ನು, ಬಸ್ಸಿನ ಸ್ಟೇರಿಂಗ್ ಹಿಡಿದ ಅಪ್ಪನ ಕೈಗಳನ್ನು. ಮೊದಮೊದಲು ಬೆರಳುಗಳು ಸೌತೆಕಾಯಿಯಂತಾಗಿ ಕೋಣೆಯೆಲ್ಲಾ ನಕ್ಕಿತ್ತು. ಅವಳು ಅದನ್ನು ಮುದ್ದೆಮಾಡಿ ಮತ್ತೆ ಶುರುಮಾಡಿದಳು. ಎಲುಬು ಎಲ್ಲಿ ಉಬ್ಬುತ್ತದೆ, ಚರ್ಮ ಎಲ್ಲಿ ಜೋತುಬೀಳುತ್ತದೆ ಎಂಬುದೆಲ್ಲ ಅವಳ ಬೆರಳಿಗೆ ಮೆಲ್ಲಮೆಲ್ಲನೆ ತಿಳಿಯಿತು.

"ಇಷ್ಟೊಂದು ಹೇಗೆ ಗೊತ್ತಾಯ್ತು?" ಎಂದು ಮೇಷ್ಟ್ರು ಒಮ್ಮೆ ಕೇಳಿದ್ದರು.

"ಅಪ್ಪ ಊಟ ಮಾಡುವಾಗ ನೋಡ್ತಿರ್ತೀನಿ ಸರ್. 'ಏನೇ, ನನ್ನ ಕೈಯನ್ನೇ ನುಂಗ್ತೀಯಾ?' ಅಂತಾರೆ."

ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಮುಂದಿನ ವರ್ಷ ಕಲಾ ಕಾಲೇಜು ಸೇರುತ್ತೇನೆಂದು ಅವಳು ಮನೆಯಲ್ಲಿ ಹಟ ಹಿಡಿದಿದ್ದಳು. ಚಿಕ್ಕಪ್ಪನ ಆಫೀಸಿನಲ್ಲಿ ಕೆಲಸ ಕಲಿಯಲಿ ಎಂಬುದು ಅಪ್ಪನ ಆಸೆ. ಕೊನೆಗೆ ಅವರು, "ಪ್ರದರ್ಶನಕ್ಕೆ ಬಂದು ನೋಡ್ತೀನಿ, ಆಮೇಲೆ ಹೇಳ್ತೀನಿ" ಎಂದಿದ್ದರು. ನೋಡಲಿರುವುದು ತಮ್ಮದೇ ಕೈಗಳನ್ನು ಎಂದು ಅವರಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮುಖ್ಯ ಅತಿಥಿಗಳಿಗೆ ಬೇರೆ ದಿನ ಪುರುಸೊತ್ತಿಲ್ಲವೆಂದು ಪ್ರದರ್ಶನ ಒಂದು ವಾರ ಮೊದಲೇ ಎಂದು ನಿಗದಿಯಾಯಿತು.

"ಇನ್ನೂ ಒಣಗಿಲ್ಲ ಮೇಡಂ," ಎಂದರು ಮೇಷ್ಟ್ರು.

"ಫ್ಯಾನ್ ಹಾಕಿ ಮೇಷ್ಟ್ರೇ! ಹಸೀ ಮಣ್ಣಿಟ್ರೆ ಅತಿಥಿಗಳ ಮುಂದೆ ನನ್ನ ಮರ್ಯಾದೆ ಏನಾಗ್ಬೇಕು? ಭಟ್ಟಿಯಲ್ಲಿಟ್ಟು ಸುಟ್ಟುಬಿಡಿ," ಎಂದರು ಹೆಡ್ ಮೇಡಂ.

ಮೇಷ್ಟ್ರು ಹೋಗಿ ಫ್ಯಾನ್ ಹಾಕಿದರು.

ಒಣಗಿದ ಮಣ್ಣು ಕೆನ್ನೆಗೆ ತಣ್ಣಗೆ ತಾಗುವುದಿಲ್ಲ. ತಣ್ಣಗಿದ್ದರೆ ಒಳಗೆ ನೀರಿದೆ, ಭಟ್ಟಿಗಿಟ್ಟರೆ ಸಿಡಿಯುತ್ತದೆ. ಅವರು ಮಕ್ಕಳಿಗೆ ಮೊದಲ ದಿನವೇ ಕಲಿಸುತ್ತಿದ್ದುದು ಇದನ್ನು. ಭಟ್ಟಿ ತುಂಬುವ ದಿನ ಗುಮ್ಮಿ ಬಗ್ಗಿ ಮಣ್ಣಿನ ಮಣಿಕಟ್ಟಿಗೆ ಕೆನ್ನೆ ಒತ್ತಿದಳು.

"ಸರ್, ತಣ್ಣಗಿದೆ."

ಅವರೂ ಬಗ್ಗಿ ನೋಡಿದರು. ತಣ್ಣಗೇ ಇತ್ತು.

"ಪರವಾಗಿಲ್ಲ. ಮೊದಲು ಸಣ್ಣ ಕಾವಲ್ಲಿ ಬಿಡೋಣ, ಒಣಗುತ್ತೆ."

ಅವಳು ಅವರ ಮುಖವನ್ನೇ ನೋಡುತ್ತಾ ನಿಂತಿದ್ದು, ಆಮೇಲೆ ನಂಬಿದಳು. ತಾನೇ ಎತ್ತಿ ಒಳಗಿಟ್ಟಳು.

ಸಂಜೆ ಭಟ್ಟಿಯೊಳಗಿಂದ ಯಾರೋ ಕದಕ್ಕೆ ಗುದ್ದಿದಂತೆ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮೇಷ್ಟ್ರು ಸ್ಟೂಲಿನಿಂದ ಏಳಲಿಲ್ಲ. ಬೆಳಿಗ್ಗೆ ತೆರೆದಾಗ ಅಕ್ಕಪಕ್ಕದ ಹೂಜಿಗಳ ಮೂತಿ ಒಡೆದಿತ್ತು. ಕೈಗಳಿದ್ದ ಜಾಗದಲ್ಲಿ ಚೂರುಗಳಿದ್ದವು. ಒಂದು ಹೆಬ್ಬೆರಳು ಮಾತ್ರ ಇಡಿಯಾಗಿ ಉಳಿದಿತ್ತು, ಓರೆಯಾಗಿ ಬೆಳೆದ ಉಗುರಿನ ಸಮೇತ. ಅವಳಿಗೆ ಕೊಡೋಣವೆಂದು ಅವರು ಅದನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು.

ಗುಮ್ಮಿ ಬಂದಳು, ನೋಡಿದಳು, ಪೊರಕೆ ತಂದು ಗುಡಿಸತೊಡಗಿದಳು. ಅಳಲಿಲ್ಲ. ಬಾಯಿಗೆ ಬಂದಂತೆ ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಜೇಬಿನ ಬೆರಳು ಜೇಬಿನಲ್ಲೇ ಉಳಿಯಿತು.

"ಸ್ಟೋರಲ್ಲಿ ಒಂದು ಹಳೇ ಕುದುರೆ ಇದೆಯಲ್ಲ, ಅದನ್ನಿಡಿ," ಎಂದರು ಹೆಡ್ ಮೇಡಂ. "ಚೀಟಿ ಮಾತ್ರ ಇವಳ ಹೆಸರಲ್ಲೇ ಇರ್ಲಿ. ಪಾಪ, ಮಗು ಕಷ್ಟಪಟ್ಟಿದೆ."

ಎಂದೋ ಶಾಲೆ ಬಿಟ್ಟು ಹೋದ ಹುಡುಗನೊಬ್ಬ ಮಾಡಿದ್ದ ಮಣ್ಣಿನ ಕುದುರೆ ಅದು. ಅಪ್ಪ ನೋಡಿ ಒಪ್ಪಿದರೆ ಸಾಕಲ್ಲ, ಅವಳ ಒಳ್ಳೆಯದಕ್ಕೇ ಅಲ್ಲವೇ ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ಮೇಜಿನ ಮೇಲಿಟ್ಟವರೂ ಅವರೇ.

ಅತಿಥಿಗಳು ಕುದುರೆಗೆ ಮೊದಲ ಬಹುಮಾನ ಕೊಟ್ಟರು. ಚಪ್ಪಾಳೆ ಬಿತ್ತು. ಗುಮ್ಮಿ ಬಹುಮಾನದ ಕಪ್ಪನ್ನು ಬೇರೆಯವರ ಛತ್ರಿ ಹಿಡಿದಂತೆ ಹಿಡಿದು ನಿಂತಳು. ಡ್ಯೂಟಿ ಬಟ್ಟೆಯಲ್ಲೇ ಬಂದಿದ್ದ ಡ್ರೈವರ್ ಅಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದರು.

"ಏನ್ ಮೇಷ್ಟ್ರೇ ಇದು! ಮನೇಲಿ ಹಾಸಿಗೆ ಸುತ್ತೋಕೆ ಬರಲ್ಲ ಇವಳಿಗೆ. ಇಲ್ಲಿ ನೋಡಿದ್ರೆ ಕುದುರೇನೇ ನಿಲ್ಲಿಸಿದಾಳೆ!" ಎಂದು ನಕ್ಕು ಮಗಳ ತಲೆ ಸವರಿದರು. "ಸೋತೆ ಮಗಳೇ. ಆಯ್ತು, ಸೇರ್ಕೋ ನಿನ್ನ ಕಾಲೇಜು."

"ಬೇಡಪ್ಪ."

"ಹಾಂ?"

"ಚಿಕ್ಕಪ್ಪನ ಆಫೀಸಿಗೇ ಹೋಗ್ತೀನಿ."

"ವರ್ಷವೆಲ್ಲಾ ನನ್ನ ತಲೆ ತಿಂದು ಈಗ ಬೇಡ ಅಂದ್ರೆ? ಬಹುಮಾನ ಬಂದಿದೆ ಕಣೇ! ಮೇಷ್ಟ್ರೇ, ನೀವಾದ್ರೂ ಬುದ್ಧಿ ಹೇಳಿ."

ಗುಮ್ಮಿ ತಲೆಯೆತ್ತಿ ಮೇಷ್ಟ್ರನ್ನು ನೋಡಿದಳು. ಭಟ್ಟಿಯ ಮುಂದೆ ನಿಂತು ನೋಡಿದ್ದಳಲ್ಲ, ಹಾಗೆಯೇ. ಇದು ಅವಳ ಕುದುರೆಯಲ್ಲ, ಅವಳು ನಿಮ್ಮ ಕೈ ಮಾಡಿದ್ದಳು, ಒಡೆದವನು ನಾನು ಎಂದರೆ ಸಾಕಿತ್ತು. ಬೆನ್ನ ಹಿಂದೆ ಹೆಡ್ ಮೇಡಂ ಅತಿಥಿಗಳೊಡನೆ ನಗುತ್ತಿದ್ದರು.

"ಅವಳಿಗೇ ಬೇಡ ಅಂದ್ಮೇಲೆ..." ಎಂದರು ಮೇಷ್ಟ್ರು.

ಅವಳು ಕಣ್ಣು ಕೆಳಗಿಳಿಸಿದಳು. ಮತ್ತೆ ಎತ್ತಲಿಲ್ಲ.

"ಈಗಿನ ಮಕ್ಕಳು ನಮಗೆಲ್ಲಿ ಅರ್ಥವಾಗ್ತಾರೆ ಬಿಡಿ," ಎಂದು ಅಪ್ಪ ನಿಟ್ಟುಸಿರಿಟ್ಟರು. "ಆದ್ರೂ ಇಷ್ಟು ಕಲಿಸಿದ್ರಲ್ಲ, ದೊಡ್ಡ ಉಪಕಾರ," ಎಂದು ಕೈ ಚಾಚಿದರು.

ಅಗಲವಾದ ಕೈ. ಹೆಬ್ಬೆರಳಿನ ಉಗುರು ಓರೆಯಾಗಿ ಬೆಳೆದಿತ್ತು. ಮೇಷ್ಟ್ರ ಬಲಗೈ ಜೇಬಿನಲ್ಲಿ ಅದೇ ಉಗುರನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಹೊರಗೆ ತೆಗೆಯಬೇಕೆಂದರೂ ಆ ಕೈ ಬರಲಿಲ್ಲ.

ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಕಾಯಿತು. ಆಮೇಲೆ ಅಪ್ಪ ಸಂಕೋಚದಿಂದ ಅದನ್ನು ಹಿಂದಕ್ಕೆ ತೆಗೆದುಕೊಂಡು ಅಂಗಿಗೆ ಒರೆಸಿಕೊಂಡರು.

"ಡ್ಯೂಟಿಯಿಂದ ಹಾಗೇ ಬಂದೆ ಸರ್," ಎಂದರು. "ಕೈ ತೊಳ್ದಿಲ್ಲ."