ತಿಂಡಿ ಸಿಕ್ಕಿದಲ್ಲಿ ಕಾಡಿಲ್ಲ

ಗ್ರೀಷ್ಮಾಳ ಪಿಎಚ್‌ಡಿ ಈಗ ಒಂದೇ ಒಂದು ಹಿತ್ತಲಿನ ಮೇಲೆ ನಿಂತಿತ್ತು. ಹಿತ್ತಲು ಇದ್ದದ್ದು ಮಂಗಳೂರಿನ ಕೊಟ್ಟಾರದಲ್ಲಿ, ಹೆದ್ದಾರಿಯಿಂದ ಒಳಗೆ ಎರಡು ತಿರುವು ದಾಟಿದರೆ ಸಿಗುವ ಒಂದು ಹಂಚಿನ ಮನೆಯ ಹಿಂದೆ. ಮನೆ ಗೆರ್ಟ್ರೂಡ್ ಬಾಯಿಯವರದು. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಈ ಟೀಚರನ್ನು ಗ್ರೀಷ್ಮಾ ಒಮ್ಮೆಯೂ ಕಂಡಿರಲಿಲ್ಲ. ಅವರ ಹಿತ್ತಲನ್ನು ಮಾತ್ರ ಆಕಾಶದಿಂದ ಕನಿಷ್ಠ ನಲವತ್ತು ಸಲ ನೋಡಿದ್ದಳು.

ಹೆದ್ದಾರಿ ಅಗಲವಾದರೆ ಅದರ ಆಚೀಚೆ ಮರಗಳು ಎಷ್ಟು ಕಡಿಮೆಯಾಗುತ್ತವೆ, ತೋಟದ ಇಳುವರಿ ಏರುತ್ತದೋ ಇಳಿಯುತ್ತದೋ, ಇದು ಅವಳ ಸಂಶೋಧನೆಯ ವಿಷಯ. ಮಂಗಳೂರಿನ ಯಾವ ಆಟೋದವರನ್ನು ಕೇಳಿದರೂ ಪಂಪ್‌ವೆಲ್ ಸರ್ಕಲ್ ದಾಟುವುದರೊಳಗೆ ಉತ್ತರ ಹೇಳಿಯಾರು. ಆದರೆ ಅರ್ಥಶಾಸ್ತ್ರಕ್ಕೆ ಅಷ್ಟು ಬೇಗ ಉತ್ತರ ಸಿಕ್ಕಿದರೆ ಸಮಾಧಾನವಿಲ್ಲ. ಹಾಗಾಗಿ ಅವಳು ಜನವರಿಯಲ್ಲಿ ಉಪಗ್ರಹ ತೆಗೆದ ಚಿತ್ರಗಳನ್ನು ಕಂಪ್ಯೂಟರಿಗೆ ಕೊಟ್ಟು, ಇದು ಕಾಡು, ಇದು ತೋಟ, ಇದು ಬಯಲು, ಇದು ಕಟ್ಟಡ ಎಂದು ನಕ್ಷೆ ಮಾಡಿಸಿದ್ದಳು. ನಕ್ಷೆ ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ ನೋಡಬೇಕಲ್ಲ, ಅದಕ್ಕೆ ಕಂಪ್ಯೂಟರೇ ಕಣ್ಣು ಮುಚ್ಚಿ ಇನ್ನೂರು ಬಿಂದುಗಳನ್ನು ಆರಿಸಿ ಕೊಟ್ಟಿತ್ತು. ಅಷ್ಟೂ ಕಡೆ ಖುದ್ದಾಗಿ ಹೋಗಿ ನಿಂತು, ಫೋಟೋ ತೆಗೆದು, ನಕ್ಷೆ ಹೇಳಿದ್ದು ನೆಲದ ಮೇಲೆ ಇದೆಯೇ ಎಂದು ಬರೆದುಕೊಳ್ಳಬೇಕು. ಇನ್ನೂರರಲ್ಲಿ ನೂರ ಎಪ್ಪತ್ತು ಸರಿ ಬಂದರೆ ಪಾಸು. ನೂರ ತೊಂಬತ್ತೊಂಬತ್ತು ನೋಡಿ ಮುಗಿದಾಗ ಸರಿ ಬಂದದ್ದು ನೂರ ಅರುವತ್ತೊಂಬತ್ತು. ಉಳಿದದ್ದು ಗೆರ್ಟ್ರೂಡ್ ಬಾಯಿಯವರ ಹಿತ್ತಲು. ಅಲ್ಲಿ ಕಾಡು ಇದೆ ಎಂದು ನಕ್ಷೆ ಹೇಳುತ್ತಿತ್ತು.

ಅವಸರಕ್ಕೆ ಇನ್ನೊಂದು ಕಾರಣವಿತ್ತು. ಅವಳ ಗೈಡ್ ಡಾಕ್ಟರ್ ಜಯಪಾಲ ಅವರು ಮೇ ಮೂವತ್ತೊಂದಕ್ಕೆ ನಿವೃತ್ತರಾಗುವವರು. ಅಷ್ಟರೊಳಗೆ ಥೀಸಿಸ್ ಹೋಗದಿದ್ದರೆ ಅವಳು ಬೇರೆ ಗೈಡಿನ ಕೈಗೆ ಬೀಳಬೇಕು. ಆ ಮಹಾನುಭಾವರೋ, ಆಕಾಶ ನೋಡಿ ಹೇಳುವುದು ಜ್ಯೋತಿಷ್ಯ, ಅರ್ಥಶಾಸ್ತ್ರವಲ್ಲ ಎಂದು ತುಂಬಿದ ಸಭೆಯಲ್ಲಿ ಹೇಳಿದವರು. ಅವರ ಕೈಗೆ ಸಿಕ್ಕಿದರೆ ಐದು ವರ್ಷದ ಕೆಲಸ ನೀರಲ್ಲಿ ಹೋಮ.

ಖಾಸಗಿ ಕಂಪೌಂಡಿನ ಒಳಗೆ ಹೋಗುವ ಮೊದಲು ಮನೆಯವರಿಗೆ ಫೋನಿನಲ್ಲಿ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬುದು ವಿಶ್ವವಿದ್ಯಾಲಯದ ನಿಯಮ. ಗ್ರೀಷ್ಮಾ ನಿಯಮ ಎಂದರೆ ಪ್ರಾಣ ಬಿಡುವ ಹುಡುಗಿ. ಅಂಥ ಮನೆಗಳು ಮೂವತ್ತನಾಲ್ಕು ಇದ್ದವು, ಎಲ್ಲರಿಗೂ ಹತ್ತು ದಿನ ಮೊದಲೇ ಫೋನ್ ಮಾಡಿದ್ದಳು. ಗೆರ್ಟ್ರೂಡ್ ಬಾಯಿಗೂ ಮಾಡಿ, ಉಪಗ್ರಹದ ಚಿತ್ರದಲ್ಲಿ ನಿಮ್ಮ ಮನೆಯ ಹಿಂದೆ ಕಾಡು ಕಾಣುತ್ತದೆ, ನೋಡಲು ಬರುತ್ತೇವೆ ಎಂದು ವಿನಯದಿಂದ ಹೇಳಿದ್ದಳು. ಟೀಚರು, ಮೇಲಿಂದ ಅಷ್ಟು ಸ್ಪಷ್ಟವಾಗಿ ಕಾಣುತ್ತದಾ ಎಂದು ಕೇಳಿದರು. ಬಹಳ ಸ್ಪಷ್ಟವಾಗಿ ಕಾಣುತ್ತದೆ ಎಂದು ಇವಳು ಹೆಮ್ಮೆಯಿಂದಲೇ ಹೇಳಿದಳು.

ಹತ್ತನೆಯ ದಿನ ಬೆಳಿಗ್ಗೆ ಮುಝಮ್ಮಿಲನ ಆಟೋದಲ್ಲಿ ಕೊಟ್ಟಾರಕ್ಕೆ ಹೊರಟಳು. ಉಳ್ಳಾಲದ ಮುಝಮ್ಮಿಲ್ ಎರಡು ತಿಂಗಳಿಂದ ಅವಳನ್ನು ಎಲ್ಲ ಬಿಂದುಗಳಿಗೂ ಸುತ್ತಾಡಿಸಿದವನು. ಐವತ್ತರ ಹತ್ತಿರದ ಪ್ರಾಯ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ನೆನಪಿನ ಶಕ್ತಿ.

ಗೇಟಿನಲ್ಲಿ ಗೆರ್ಟ್ರೂಡ್ ಬಾಯಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಕಾಯುತ್ತಿದ್ದರು. ಬನ್ನಿ ಬನ್ನಿ ಎಂದು ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅಂಗಳದಷ್ಟು ಸಪಾಟಾದ ಕೆಂಪು ನೆಲವಿತ್ತು. ನೆಲದ ಮೇಲೆ ಪೊರಕೆಯ ಗೆರೆಗಳು ಇನ್ನೂ ಹೊಸದಾಗಿದ್ದವು. ಮಧ್ಯದಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಟೀಪಾಯಿ, ಅದರ ಮೇಲೆ ಕಸೂತಿಯ ಬಟ್ಟೆ. ಕಂಪೌಂಡ್ ಗೋಡೆಯ ಹತ್ತಿರ ಮರದ ತುಂಡುಗಳನ್ನು ಉದ್ದಳತೆ ನೋಡಿ ಒಪ್ಪವಾಗಿ ಪೇರಿಸಿದ್ದರು.

ಗ್ರೀಷ್ಮಾ ಮೊಬೈಲ್ ಹಿಡಿದು ಬಿಂದು ಹುಡುಕುತ್ತ ಹೋದಳು. ಬಿಂದು ಸರಿಯಾಗಿ ಟೀಪಾಯಿಯ ಕೆಳಗೆ ಬಿತ್ತು. ಇಲ್ಲಿ ಮರ ಇತ್ತಲ್ಲ ಆಂಟಿ ಎಂದು ಕೇಳಿದಳು.

"ಇತ್ತು, ಮೊನ್ನೆ ಗುರುವಾರದವರೆಗೆ ಇತ್ತು," ಎಂದರು ಗೆರ್ಟ್ರೂಡ್ ಬಾಯಿ. "ಯೂನಿವರ್ಸಿಟಿಯವರು ನೋಡ್ಲಿಕ್ಕೆ ಬರುವಾಗ ಹಿಂದೆ ಅಂಥ ಕಾಡು ಇಟ್ಟುಕೊಂಡು ಹೇಗೆ ಕೂತುಕೊಳ್ಳುವುದು? ರಸ್ತೆಯಿಂದ ಕಾಣುವುದಿಲ್ಲ ಅಂತ ಧೈರ್ಯದಲ್ಲಿ ಇದ್ದೆ. ಮೇಲಿಂದ ಕಾಣ್ತದೆ ಅಂತ ನೀವೇ ಹೇಳಿದ್ದಲ್ವಾ. ನನಗೆ ಎರಡು ದಿನ ನಿದ್ರೆ ಬರಲಿಲ್ಲ."

ಅವರ ಗಂಡ ವಿಲ್ಲಿ ಒಂದು ಕುರ್ಚಿಯಲ್ಲಿ ಕೂತಿದ್ದರು. ಇಪ್ಪತ್ತೆರಡು ವರ್ಷ ಮಸ್ಕತ್ತಿನಲ್ಲಿ ಎ.ಸಿ. ರಿಪೇರಿ ಮಾಡಿ ಬಂದ ಮನುಷ್ಯ. ಊರಿಗೆ ಬಂದ ಮೇಲೆ ಒಂದು ಮರವನ್ನೂ ಮುಟ್ಟಲು ಬಿಟ್ಟವರಲ್ಲ, ಹಿತ್ತಲಿನ ವಿಷಯದಲ್ಲಿ ಗಂಡಹೆಂಡತಿಗೆ ಹದಿಮೂರು ವರ್ಷದ ಜಗಳ. ಗ್ರೀಷ್ಮಾಳ ಒಂದು ಫೋನಿನಲ್ಲಿ ಜಗಳ ತೀರ್ಮಾನವಾಗಿತ್ತು. ವಿಲ್ಲಿ ಇವಳನ್ನು ನೋಡಿ ನಕ್ಕರು, ಪಾಪ, ಅತಿಥಿ ಎಂದು ನಗಬೇಕಲ್ಲ.

ರವೆ ಕೇಕ್ ಬಂತು, ತಣ್ಣನೆಯ ಪುನರ್ಪುಳಿ ಶರಬತ್ತು ಬಂತು. ನಮ್ಮದೇ ಮರದ್ದು, ಇನ್ನು ಅಂಗಡಿಯಿಂದ ತರಬೇಕು ಎಂದು ಗೆರ್ಟ್ರೂಡ್ ಬಾಯಿ ಲೋಟ ಕೈಗಿಟ್ಟರು. ಗ್ರೀಷ್ಮಾ ಅದನ್ನು ಔಷಧಿಯ ಹಾಗೆ ಕುಡಿದಳು. ಕೆಲಸ ಕೆಲಸವೇ, ಆದ್ದರಿಂದ ಇಳುವರಿಯ ಪ್ರಶ್ನೆಗಳನ್ನೂ ಕೇಳಿದಳು. ವರ್ಷಕ್ಕೆ ತೆಂಗಿನಕಾಯಿ ಎಷ್ಟು ಸಿಗುತ್ತದೆ ಎಂದರೆ, ನಮಗೆ ಸಾಕಾಗುತ್ತದೆ ಎಂದು ಉತ್ತರ. ಸಾಕಾಗುವುದೆಂದರೆ ಎಷ್ಟು? ಇಗರ್ಜಿಗೆ, ತಂಗಿಯ ಮನೆಗೆ, ಪಕ್ಕದ ಮನೆಯ ಎಸ್ತೆರಳಿಗೆ ಕೊಟ್ಟು ಸಾಕಾಗುತ್ತದೆ. ಎರಡು ತಿಂಗಳಿಂದ ಅರುವತ್ತು ಮನೆಯವರು ಇದನ್ನೇ ಹೇಳಿದ್ದರು. ಇಡೀ ಜಿಲ್ಲೆಯಲ್ಲಿ ಕೃಷಿ ಉತ್ಪಾದಕತೆಯ ಅಳತೆ ಸಾಕು ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತದೆ ಎಂದು ಅವಳು ಬರೆಯುವ ಹಾಗಿರಲಿಲ್ಲ.

ಹೊರಡುವಾಗ ವಿಲ್ಲಿ ಗೇಟಿನವರೆಗೆ ಬಂದರು.

"ನಿಮ್ಮ ಫೋಟೋದಲ್ಲಿ ನಮ್ಮ ರೆಂಜೆ ಮರ ಕಾಣ್ತದಾ?" ಎಂದು ಮೆಲ್ಲ ಕೇಳಿದರು. "ಅದರ ಹೂ ಬಿದ್ದರೆ ಈ ಗೇಟಿನವರೆಗೆ ಪರಿಮಳ ಬರ್ತಿತ್ತು."

ಅವಳು ಜನವರಿಯ ಚಿತ್ರ ತೆಗೆದು ದೊಡ್ಡದು ಮಾಡಿ ತೋರಿಸಿದಳು. ಒಂಬತ್ತು ಹಸಿರು ಚೌಕಗಳು ಕಂಡವು. ಇದರಲ್ಲಿ ರೆಂಜೆ ಯಾವುದು ಎಂದರೆ ಅವಳಿಗೆ ಹೇಳಲಾಗಲಿಲ್ಲ, ಉಪಗ್ರಹಕ್ಕೆ ಎಲ್ಲ ಮರವೂ ಒಂದೇ ಹಸಿರು. ವಿಲ್ಲಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಮಧ್ಯದ ಚೌಕದ ಮೇಲೆ ಬೆರಳಿಟ್ಟು, ಇದೇ ಇರಬೇಕು ಎಂದು ತಾವೇ ತೀರ್ಮಾನ ಮಾಡಿದರು. ಹಿತ್ತಲಿನ ಫೋಟೋ ಯಾರೂ ತೆಗೆದಿಟ್ಟಿರಲಿಲ್ಲವಂತೆ. ಚಿತ್ರವನ್ನು ವಾಟ್ಸಾಪಿಗೆ ಕಳಿಸಲು ಹೇಳಿದರು. ಅವಳು ಅಲ್ಲೇ ನಿಂತು ಕಳಿಸಿದಳು. ಅಳು ಬಂತು, ತಡೆದುಕೊಂಡಳು.

ಆಟೋದಲ್ಲಿ ಕೂತವಳು ಪಟ್ಟಿಯಲ್ಲಿ ಇನ್ನೂರನೆಯ ಬಿಂದುವಿನ ಎದುರು ತಪ್ಪು ಗುರುತು ಹಾಕಿದಳು. ನೂರ ಅರುವತ್ತೊಂಬತ್ತು ಸರಿ, ಮೂವತ್ತೊಂದು ತಪ್ಪು. ಹಾಳಾದ ಉಪಗ್ರಹ ಎಂದು ಬೈದಳು. ಅದನ್ನು ಬೈಯುವುದು ಅಭ್ಯಾಸವಾಗಿಬಿಟ್ಟಿತ್ತು.

"ಅದಕ್ಕೆ ಯಾಕೆ ಬೈತೀರಿ ಮೇಡಂ," ಎಂದ ಮುಝಮ್ಮಿಲ್, ಕನ್ನಡಿಯಲ್ಲಿ ಅವಳನ್ನು ನೋಡಿ. "ನಾನು ಮೊದಲಿಂದ ನೋಡ್ತಾ ಇದ್ದೇನೆ. ನಮಗೆ ಎಲ್ಲಿ ತಿಂಡಿ ಸಿಕ್ಕಿದೆಯೋ ಅಲ್ಲಿ ಕಾಡು ಇಲ್ಲ. ಎಲ್ಲಿ ಒಂದು ಲೋಟ ನೀರೂ ಸಿಗಲಿಲ್ಲವೋ ಅಲ್ಲಿ ಕಾಡು ಉಂಟು."

ಗ್ರೀಷ್ಮಾ ಮೊದಲು ನಕ್ಕಳು, ಆಮೇಲೆ ಆಟೋ ನಿಲ್ಲಿಸಲು ಹೇಳಿದಳು. ರಸ್ತೆ ಬದಿಯಲ್ಲಿ ನಿಂತು ಅವಳು ಒಂದೊಂದೇ ಬಿಂದು ಓದಿದಳು, ಅವನು ತಿಂಡಿ ಹೇಳುತ್ತ ಹೋದ. ಉಳ್ಳಾಲದಲ್ಲಿ ಸುಲೈಮಾನ್ ಹಾಜಿಯವರ ಜಾಗ: ಕೋಳಿ ಸುಕ್ಕ, ಅಕ್ಕಿ ರೊಟ್ಟಿ. ತಪ್ಪು. ಪಂಪ್‌ವೆಲ್ ಹತ್ತಿರ ಜಲಜಾಕ್ಷಿ ಅಕ್ಕನ ಮನೆ: ಗೋಳಿಬಜೆ, ಕಾಫಿ. ತಪ್ಪು. ಹೊಳೆಬದಿಯ ಸರಕಾರಿ ಜಾಗ: ಏನೂ ಇಲ್ಲ, ಮೇಲಿಂದ ಸೊಳ್ಳೆ ಕಚ್ಚಿತ್ತು. ಸರಿ. ಫೋನ್ ಮಾಡಿ ಹೋದ ಮೂವತ್ತನಾಲ್ಕು ಮನೆಗಳಲ್ಲಿ ಇಪ್ಪತ್ತೊಂಬತ್ತು ತಪ್ಪಾಗಿದ್ದವು. ಹೇಳದೆ ಹೋದ ನೂರ ಅರುವತ್ತಾರರಲ್ಲಿ ತಪ್ಪಿದ್ದು ಎರಡೇ ಎರಡು. ಫೋನ್ ಮಾಡಿಯೂ ಕಾಡು ಉಳಿದಿದ್ದ ಐದು ಮನೆಗಳಲ್ಲಿ, ಜನ ಸಿಗಲಿಲ್ಲ ಮಾರಾಯ್ರೆ, ಬೇಜಾರು ಮಾಡಬೇಡಿ ಎಂದು ಅವರು ಕ್ಷಮೆ ಕೇಳಿದ್ದು ಅವಳಿಗೆ ಈಗ ನೆನಪಾಯಿತು. ಅಡುಗೆಗೆ ಜನ ಸಿಗದೆ ಊಟಕ್ಕೆ ಕರೆಯಲಾಗಲಿಲ್ಲ ಎಂಬ ಉಪಚಾರದ ಮಾತು ಎಂದು ತಿಳಿದಿದ್ದಳು. ಮರ ಕಡಿಯಲು ಜನ ಸಿಕ್ಕಿರಲಿಲ್ಲ.

ಹಸಿ ಬುಡಗಳನ್ನು ಅವಳು ನೋಡಿರಲಿಲ್ಲವೆಂದಲ್ಲ. ನೋಡಿ, ಹೆದ್ದಾರಿಯ ಪ್ರಭಾವದಿಂದ ಮರ ಕಡಿಯುವ ವೇಗ ಈಚೆಗೆ ವಿಪರೀತ ಹೆಚ್ಚಿದೆ ಎಂದು ಥೀಸಿಸ್ಸಿನಲ್ಲಿ ಎರಡು ಪುಟ ಬರೆದಿದ್ದಳು. ಇನ್ನೂರು ಬಿಂದುಗಳಲ್ಲಿ ಹೆದ್ದಾರಿ ಹತ್ತು ವರ್ಷದಲ್ಲಿ ನುಂಗಿದ್ದು ಹನ್ನೊಂದು. ಗ್ರೀಷ್ಮಾಳ ಫೋನು ಎರಡು ತಿಂಗಳಲ್ಲಿ ನುಂಗಿದ್ದು ಇಪ್ಪತ್ತೊಂಬತ್ತು. ಯಾವ ಗುತ್ತಿಗೆದಾರನೂ ಇಷ್ಟು ಚುರುಕಾಗಿ ಕೆಲಸ ಮಾಡಿದ್ದಿಲ್ಲ.

ಜಯಪಾಲ ಸರ್ ಎಲ್ಲ ಕೇಳಿಸಿಕೊಂಡು, ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿ ಉಪಾಯ ಹೇಳಿದರು.

"ಆ ಮೂವತ್ತನಾಲ್ಕನ್ನು ಪಟ್ಟಿಯಿಂದ ತೆಗೆದುಬಿಡು. ಉಳಿದದ್ದರಲ್ಲಿ ನಿನ್ನ ನಕ್ಷೆ ನೂರಕ್ಕೆ ತೊಂಬತ್ತೆಂಟಕ್ಕಿಂತ ಮೇಲೆ ಸರಿ ಉಂಟು. ಯಾರು ಕೇಳ್ತಾರೆ?"

ಯಾರೂ ಕೇಳುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಮನೆಗೆ ಹೋಗಿ ಮೂವತ್ತನಾಲ್ಕು ಸಾಲುಗಳನ್ನು ಅಳಿಸಿದಳು. ಥೀಸಿಸ್ ತೊಳೆದಿಟ್ಟ ಪಾತ್ರೆಯಂತೆ ಫಳಫಳ ಹೊಳೆಯಿತು. ಅರ್ಧ ದಿನ ಖುಷಿಯಲ್ಲಿದ್ದಳು. ಆದರೆ ಇನ್ನೂರನೆಯ ಸಾಲು ಅಳಿಸಿದರೆ ಕೊಟ್ಟಾರದ ಆ ಹಿತ್ತಲಲ್ಲಿ ಮರ ಇತ್ತೆಂಬುದಕ್ಕೂ ದಾಖಲೆ ಇಲ್ಲ, ಹೋಯಿತೆಂಬುದಕ್ಕೂ ಇಲ್ಲ. ಮುದುಕ ಬೆರಳಿಟ್ಟು ತೋರಿಸಿದ ಚೌಕ ಅದು. ಊರಿನ ಮರಗಳ ಲೆಕ್ಕ ಇಡಲು ಹೊರಟವಳು ತಾನು ಕಡಿಸಿದ್ದನ್ನೇ ಬಿಟ್ಟು ಲೆಕ್ಕ ಇಟ್ಟರೆ, ಅಂಥ ಡಾಕ್ಟರೇಟು ಹೆಸರಿನ ಮುಂದೆ ಹಾಕಿಕೊಳ್ಳಲು ಅವಳಿಗೆ ನಾಚಿಕೆಯಾಯಿತು. ಸಾಲುಗಳನ್ನು ಮರಳಿ ಹಾಕಿದಳು. ಆ ಎರಡು ಪುಟ ಹರಿದು ಹೊಸ ಅಧ್ಯಾಯ ಬರೆದಳು. ಮರ ಹೋದದ್ದಕ್ಕೆ ಕಾರಣ ಎಂಬ ಅಂಕಣದಲ್ಲಿ ಇಪ್ಪತ್ತೊಂಬತ್ತು ಕಡೆ ಸಂಶೋಧಕಿ ಎಂದು ತುಂಬಿಸಿದಳು.

ಜಯಪಾಲ ಸರ್ ಕೊನೆಯ ದಿನ ಸಂಜೆ ಅದನ್ನು ಓದಿ, ಗೊಣಗುತ್ತಲೇ ಸಹಿ ಹಾಕಿದರು. ನೂರಕ್ಕೆ ಎಂಬತ್ತೈದು ಬೇಕಾದಲ್ಲಿ ಎಂಬತ್ತನಾಲ್ಕೂವರೆ ಇಟ್ಟಿದ್ದೀ, ಮುಂದಿನದ್ದು ನಿನ್ನ ಹಣೆಬರಹ ಎಂದರು.

ಹಣೆಬರಹ ಜೂನ್ ಎರಡನೆಯ ವಾರ ಕಾಗದವಾಗಿ ಬಂತು. ಸಮಿತಿಗೆ ಹೊಸ ಅಧ್ಯಾಯ ಮೆಚ್ಚುಗೆಯಾಗಿತ್ತು, ಆದರೆ ಅಂಕ ಸಾಲದು. ಥೀಸಿಸ್ ಹಿಂದಕ್ಕೆ. ಇನ್ನು ಹೊಸ ಗೈಡ್, ಜ್ಯೋತಿಷ್ಯದವರು. ತಪ್ಪಿದ ಮೂವತ್ತೊಂದೂ ಬಿಂದುಗಳನ್ನು ಹೊಸ ಚಿತ್ರದೊಂದಿಗೆ ಮತ್ತೊಮ್ಮೆ ನೋಡಿ ಬರಬೇಕು. ಮನೆಯವರಿಗೆ ಮುಂಚಿತವಾಗಿ ತಿಳಿಸತಕ್ಕದ್ದು ಎಂಬ ಸಾಲಿನ ಕೆಳಗೆ ಗೆರೆ ಬೇರೆ ಎಳೆದಿದ್ದರು. ಗ್ರೀಷ್ಮಾ ಕಾಗದ ಮಡಚಿಟ್ಟು, ಅಷ್ಟೂ ಸದಸ್ಯರನ್ನು ಮನಸ್ಸಿನಲ್ಲೇ ತುಳುವಿನಲ್ಲಿ ಚೆನ್ನಾಗಿ ಬೈದಳು. ಆಮೇಲೆ ಫೋನ್ ತೆಗೆದು ಮೊದಲು ಕೊಟ್ಟಾರಕ್ಕೇ ಮಾಡಿದಳು.

ಗೆರ್ಟ್ರೂಡ್ ಬಾಯಿ ಎತ್ತಿಕೊಂಡವರೇ, ಈಗ ಮೇಲಿಂದ ಹೇಗೆ ಕಾಣುತ್ತದೆ ಎಂದು ವಿಚಾರಿಸಿದರು. ಧ್ವನಿಯಲ್ಲಿ ಒಳ್ಳೆಯ ಮಾರ್ಕಿನ ನಿರೀಕ್ಷೆ ಇತ್ತು.

ಗ್ರೀಷ್ಮಾಳ ಎದುರಿಗೆ ಹೊಸ ಚಿತ್ರ ತೆರೆದಿತ್ತು. ಹೇಳಿದರೆ ಏನಾದೀತೆಂದು ಅವಳಿಗೆ ಗೊತ್ತಿತ್ತು. ಅಳೆಯಲು ಹೋಗುವವರು ಅಳೆಯುವ ವಸ್ತುವನ್ನು ಬೇಕೆಂದೇ ಬದಲಿಸಬಾರದೆಂದೂ ಗೊತ್ತಿತ್ತು. ಆದರೂ ಹೇಳಿದಳು, ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಬೋಳು ಕಾಣ್ತದೆ ಆಂಟಿ. ಸುತ್ತ ಎಲ್ಲರದ್ದೂ ಹಸಿರು ಉಂಟು, ನಿಮ್ಮದು ಮಾತ್ರ ಬೋಳು."

ಆ ಕಡೆ ಹಿತ್ತಲ ಬಾಗಿಲು ತೆರೆದದ್ದು ಕೇಳಿಸಿತು. ಮಳೆ ಸುರಿಯುವ ಸದ್ದು ಜೋರಾಯಿತು.

"ಎಸ್ತೆರಳದ್ದು ಸಹ ಹಸಿರಾ?"

"ಅವರದ್ದು ಸಹ."

"ನೀವು ಯಾವಾಗ ಬರುವುದು?"

ಮಳೆ ಮುಗಿದ ಮೇಲೆ, ಅಕ್ಟೋಬರಿನಲ್ಲಿ ಎಂದಳು ಗ್ರೀಷ್ಮಾ. ಗೆರ್ಟ್ರೂಡ್ ಬಾಯಿ ಫೋನಿನಿಂದ ಮುಖ ತಿರುಗಿಸಿ, ಕೊಂಕಣಿಯಲ್ಲಿ ವಿಲ್ಲಿಯನ್ನು ಕರೆದು ಏನೋ ಹೇಳಿದರು. ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಆಮೇಲೆ ಗುಂಡಿ ತೋಡುವ ಹಾರೆ ಎಲ್ಲಿಟ್ಟಿದ್ದೀ ಎಂದು ಕೇಳುವ ಮುದುಕನ ಗಟ್ಟಿ ಧ್ವನಿ ಇವಳಿಗೂ ಕೇಳಿಸಿತು. ಗ್ರೀಷ್ಮಾ ಪಟ್ಟಿಯಲ್ಲಿ ಮುಂದಿನ ನಂಬರ್ ಹುಡುಕಿದಳು. ಉಳ್ಳಾಲದ ಸುಲೈಮಾನ್ ಹಾಜಿ.