ಮೀಸೆ ಬಂದ ಭೂತ

ಒಂದಾನೊಂದು ಬೀದಿಯಲ್ಲಿ ಒಂದು ಮಗು ಇತ್ತಂತೆ, ಆ ಮಗುವಿಗೆ ಮೀಸೆ ಬಂದಿತ್ತಂತೆ, ಯಾರ ಬಾಗಿಲಿಗೆ ಹೋದರೂ ಮಂಡಿ ಬಗ್ಗಿಸಿ ಕುಳ್ಳಗಾಗಿ ನಿಲ್ಲಬೇಕಿತ್ತಂತೆ — ತಲೆಯಿಂದ ಹೊದ್ದ ಹಳೆಯ ಬಿಳಿ ಬೆಡ್‌ಶೀಟಿನಲ್ಲಿ ಕತ್ತರಿಸಿದ ಎರಡು ತೂತುಗಳಲ್ಲಿ ಬೀದಿ ತುಂಡುತುಂಡಾಗಿ ಕಾಣುತ್ತಿದೆ, ಒಂದು ತೂತಿನಲ್ಲಿ ಮೇಪಲ್ ಮರದ ಕೆಂಪು, ಇನ್ನೊಂದರಲ್ಲಿ ತಂಗಿ ಜೂನಿಯ ಚಿಟ್ಟೆವೇಷದ ರೆಕ್ಕೆ, ಮೂಗಿಗೆ ಬಟ್ಟೆ ಒಗೆಯುವ ಪುಡಿಯ ಘಮ, ತನ್ನದೇ ಉಸಿರಿನ ಬಿಸಿ ತನಗೇ ಬಡಿಯುತ್ತಿದೆ — ಆಮೇಲೆ ಆ ಮಗುವಿಗೆ ಏನಾಯಿತು ಎಂದು ಡೆಸ್ಮಂಡನಿಗೆ ಗೊತ್ತಿಲ್ಲ, ಗೊತ್ತಿರುವುದು ಹೇಗೆ, ಆ ಮಗು ಅವನೇ, ಕಥೆ ಇನ್ನೂ ಬೀದಿಯ ಈ ತುದಿಯಲ್ಲೇ ಇದೆ. ಹೋದ ಬೇಸಿಗೆಯಲ್ಲಿ ಅವನ ಕಾಲುಗಳು ಅವನನ್ನು ಒಂದು ಮಾತೂ ಕೇಳದೆ ಬೆಳೆದುಬಿಟ್ಟವು, ಭೂತದ ಬಿಳಿಬಟ್ಟೆ ಮೊಣಕಾಲಿಗೇ ಮುಗಿದುಹೋಗಿದೆ, ಕೆಳಗೆ ರೋಮ ಬಂದ ಕಾಲು, ದೋಣಿಯಂಥ ಬೂಟು, ಇಂಥ ಬೂಟು ಹಾಕಿಕೊಂಡ ಭೂತವನ್ನು ಸೇಂಟ್ ಲೂಯಿಸ್ ಊರು ಈವರೆಗೆ ಕಂಡಿರಲಾರದು. ಮಕ್ಕಳು ಭೂತಪ್ರೇತದ ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಲು ಹೋಗುವ ಹಬ್ಬ ಇವತ್ತು, ಅಮ್ಮ ಸಂಜೆ ಪಾತ್ರೆ ತೊಳೆಯುತ್ತ ತಿರುಗಿ ನೋಡದೆಯೇ ಹೇಳಿದ್ದಳು, ಹದಿನಾಲ್ಕು ತುಂಬ್ತು ಕಣೋ, ಇನ್ನೂ ಚೀಲ ಹಿಡ್ಕೊಂಡು ಚಾಕಲೇಟು ಕೊಡಿ ಅಂತ ಮನೆಮನೆ ಸುತ್ತೋ ವಯಸ್ಸಾ ನಿಂದು, ತಂಗಿ ಜೊತೆ ಹೋಗು, ರಸ್ತೆ ಮೇಲೇ ನಿಂತ್ಕೋ, ಯಾರ ಮೆಟ್ಟಿಲೂ ಹತ್ತಬೇಡ. ಆಗಲಿ ಅಮ್ಮ ಎಂದಿದ್ದ. ಬರೇ ಒಂದು ಮನೆ ಅಮ್ಮ ಎಂದು ಮನಸ್ಸಿನಲ್ಲೇ ಸೇರಿಸಿಕೊಂಡಿದ್ದ, ಅದು ಬಾಯಿಂದ ಹೊರಗೆ ಬರಲಿಲ್ಲ, ಈಚೆಗೆ ಬಾಯಿಂದ ಯಾವುದು ಹೇಗೆ ಹೊರಗೆ ಬರುತ್ತದೆಂದು ಅವನಿಗೇ ನೆಚ್ಚಿಕೆಯಿಲ್ಲ.

ಗಂಟಲೇ ಎಲ್ಲಕ್ಕೂ ಕಾರಣ, ಮುಖ ಮುಚ್ಚಬಹುದು, ಮೀಸೆ ಮುಚ್ಚಬಹುದು, ಮಂಡಿ ಬಗ್ಗಿಸಬಹುದು, ದನಿಯನ್ನು ಯಾವ ಬಟ್ಟೆಯಲ್ಲಿ ಸುತ್ತುವುದು, ಮಾತು ಶುರುವಾಗುವಾಗ ಜಲ್ಲಿಯ ಮೇಲೆ ಗಾಡಿ ಉರುಳಿದ ಸದ್ದು, ಮುಗಿಯುವಾಗ ಬಾಲ ತುಳಿಸಿಕೊಂಡ ನಾಯಿಮರಿ. ಷಿಕಾಗೋದ ಚಿಕ್ಕಮ್ಮನ ಮಗನಿಗೆ ಈ ಪಾಡಿಲ್ಲ, ಅಲ್ಲಿ ಚೀಲ ಚಾಚಿದರೆ ಸಾಕಂತೆ, ಮುಖವಾಡದ ಹಿಂದೆ ಮುದುಕನಿದ್ದರೂ ಯಾರೂ ಕೇಳರಂತೆ, ಈ ಊರಲ್ಲಿ ಹಾಗಲ್ಲ, ಇಲ್ಲಿ ಮೊದಲು ಜೋಕು ಆಮೇಲೆ ಚಾಕಲೇಟು, ಬಾಗಿಲು ತೆರೆದವರು ಮಿಠಾಯಿ ಬಟ್ಟಲನ್ನು ಎದೆಗೊತ್ತಿಕೊಂಡು ನಿಲ್ಲುತ್ತಾರೆ, ಎಲ್ಲಿ ನಿನ್ನ ಜೋಕು ಎನ್ನುತ್ತಾರೆ, ಅಜ್ಜಂದಿರ ಕಾಲದಿಂದ ಹೀಗೇ, ಜೋಕಿಲ್ಲದ ಕೈಗೆ ಮಿಠಾಯಿ ಬಿದ್ದರೆ ಊರು ಮುಳುಗುತ್ತದೇನೋ ಎಂಬಂತೆ. ಜೂನಿ ಈಗ ಮೂಲೆಮನೆಯ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ, ಕುಂಬಳಕಾಯಿ ಯಾಕೆ ಸ್ಕೂಲಿಗೆ ಹೋಗಲಿಲ್ಲ, ಯಾಕಮ್ಮಾ ಯಾಕೆ, ಯಾಕಂದ್ರೆ ಅವತ್ತು ಭಾನುವಾರ! ಮನೆಯಾತ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ, ಏಳು ವರ್ಷದವಳ ಬಾಯಲ್ಲಿ ಏನು ಹೇಳಿದರೂ ನಡೆಯುತ್ತದೆ, ನಗುತ್ತಲೇ ರಸ್ತೆಯತ್ತ ನೋಡಿ, ಓಹೋ ಭೂತಪ್ಪ ಅಲ್ಲೇ ಯಾಕೆ ನಿಂತ್ರಿ, ನಿಮ್ಮ ಮಕ್ಕಳು ಇನ್ನೂ ಹಿಂದೆ ಬರ್ತಾ ಇದಾರಾ — ಬಟ್ಟೆಯೊಳಗೆ ಡೆಸ್ಮಂಡನ ಕಿವಿ ಕಾದುಹೋಯಿತು. ಹಾಗಾದರೆ ಗೆರೆ ಎಲ್ಲಿದೆ, ಎದುರಿಗೇ ಒಬ್ಬ ಅಪ್ಪ ಹಲ್ಲೇ ಬಾರದ ಕೂಸನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬರುತ್ತಿದ್ದಾನೆ, ಕೂಸಿನ ಹೆಸರಲ್ಲಿ ಚಾಕಲೇಟು ಇಸಿದುಕೊಂಡು ತಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದಾನೆ, ಅವನಿಗೆ ಯಾರೂ ವಯಸ್ಸು ಕೇಳರು. ತೊಟ್ಟಿಲಲ್ಲಿರುವವರು ಸೈ, ತೊಟ್ಟಿಲು ತೂಗುವವರೂ ಸೈ, ನಡುವೆ ಇರುವವನು ಮಾತ್ರ ಕಳ್ಳ, ಈ ವರ್ಷ ಯಾರ ಅಂಗಳಕ್ಕೆ ಕಾಲಿಟ್ಟರೂ ಗೋಡೆಗೆ ಮೊಟ್ಟೆ ಎಸೆದು ಓಡಲು ಬಂದ ಪುಂಡನೆಂದೇ ನೋಡುತ್ತಾರೆ. ಗೆಳೆಯ ಮಾರ್ಕೆಲ್ ಮಧ್ಯಾಹ್ನ ಬಸ್ಸಿನಲ್ಲಿ ಪಕ್ಕೆ ತಿವಿದಿದ್ದ, ನಮ್ಮನೇಲಿ ಪಾರ್ಟಿ, ಹುಡುಗೀರೂ ಬರ್ತಾರೆ, ನೀನು ಬೆಡ್‌ಶೀಟ್ ಹೊದ್ಕೊಂಡು ಮಿಠಾಯಿ ಬೇಡ್ತೀಯೇನೋ ಲೋ, ಥೂ ನಿನ್ನ. ಬರ್ತೀನಿ ಕಣೋ, ಆಮೇಲೆ. ಆಮೇಲೆ ಅಂದ್ರೆ? ಒಂದು ಕೆಲಸ ಇದೆ.

ಕೆಲಸ ಆ ಇಟ್ಟಿಗೆಮನೆಯಲ್ಲಿ, ಬೀದಿಯ ಕೊನೆಯದು, ಬೋಡನ್ ಅವರದು. ದೀಪ ಹತ್ತಿದೆಯೇ ಎಂದು ಸಂಜೆಯಿಂದ ಇಣುಕುತ್ತಿದ್ದಾನೆ, ಬಾಗಿಲ ದೀಪ ಹತ್ತಿದ್ದರೆ ಬನ್ನಿ ಮಕ್ಕಳೇ ಎಂದರ್ಥ, ಆರಿದ್ದರೆ ಯಾರೂ ಮೆಟ್ಟಿಲು ಹತ್ತುವಂತಿಲ್ಲ — ಹತ್ತಿದೆ, ಅಬ್ಬ, ಹತ್ತಿದೆ, ಆದರೆ ಜಗಲಿಯಲ್ಲಿ ಕುರ್ಚಿಯಿಲ್ಲ. ಪ್ರತಿ ವರ್ಷ ಅಲ್ಲಿ ಕ್ಯಾನ್ವಾಸಿನ ಕುರ್ಚಿ, ಅದರಲ್ಲಿ ಕ್ಲೆಮ್ ಬೋಡನ್, ಮಡಿಲಲ್ಲಿ ಬಟ್ಟಲು, ಜೋಕು ಮುಗಿಯುವ ಮೊದಲೇ ನಗುತ್ತಿದ್ದ ಮುದುಕ, ಮೊದಲು ಭುಜ ನಗುತ್ತಿತ್ತು, ಆಮೇಲೆ ಹೊಟ್ಟೆ, ಕೊನೆಗೆ ಬಾಯಿ, ಯಾರು ಯಾವ ವರ್ಷ ಯಾವ ಜೋಕು ಹೇಳಿದ್ದರೆಂದು ಅವನಿಗೆ ಎಲ್ಲ ನೆನಪು, ಲೇ ಮರಿ, ಹೋದ್ಸಲ ಹೇಳಿದ್ದನ್ನೇ ಮತ್ತೆ ಬಿಸಿ ಮಾಡ್ಕೊಂಡು ಬಂದ್ಯಾ ಎನ್ನುತ್ತಿದ್ದ. ಕಳೆದ ವರ್ಷ ಒಳಗಿನಿಂದ ಮಿಸೆಸ್ ಬೋಡನ್ ದನಿ, ಕ್ಲೆಮ್, ಆ ಹುಡುಗನಿಗೆ ಹದಿಮೂರು, ಹನ್ನೆರಡಕ್ಕೆ ಮುಗೀತು, ಈ ಮನೇಲಿ ಅದೇ ಕಟ್ಟಳೆ. ಕಟ್ಟಳೆಗಳೆಲ್ಲ ಬಾಗಿಲಿಂದ ಒಳಗೆ ಹೆಸ್ಟರ್, ಜಗಲಿ ನಂದು ಎಂದ ಕ್ಲೆಮ್, ಡೆಸ್ಮಂಡನ ಕೈ ಹಿಡಿದುಕೊಂಡ, ಒಣಗಿದ, ಅಗಲವಾದ, ಬೆಚ್ಚಗಿನ ಕೈ, ಮುಂದಿನ ವರ್ಷಾನೂ ಬರ್ಬೇಕು ನೀನು, ಗಡ್ಡ ಬಂದ್ರೂ ಬರ್ಬೇಕು, ಹೊಸ ಜೋಕು ತರ್ಬೇಕು, ಅವರಿವರದಲ್ಲ, ನೀನೇ ಕಟ್ಟಿದ್ದು, ಈ ಬಾಗಿಲಲ್ಲೇ ನಿಂತು ಹೇಳ್ಬೇಕು, ಮಾತು ಕೊಡು. ಕೊಟ್ಟೆ. ಗಂಡಸಿನ ಮಾತು? ಗಂಡಸಿನ ಮಾತು, ಎಂದು ಅವನು ತನ್ನ ಆಗಿನ ಕೀಚಲು ದನಿಯಲ್ಲಿ ಹೇಳಿದಾಗ ಮುದುಕನ ಭುಜ ಕುಣಿಯತೊಡಗಿತ್ತು. ಹಿಮ ಬಿದ್ದು ಶಾಲೆ ಮುಚ್ಚಿದ ವಾರದಲ್ಲಿ ಜೋಕು ಕಟ್ಟಿದ, ತಿದ್ದಿದ, ಕನ್ನಡಿಗೆ ಹೇಳಿದ, ಜೂನಿಗೆ ಹೇಳಿದ, ಅವಳು ನಗಲಿಲ್ಲ, ಅದು ದೊಡ್ಡವರ ಜೋಕು ಎಂದು ಸಮಾಧಾನ ಮಾಡಿಕೊಂಡ. ವಸಂತದಲ್ಲಿ ಕ್ಲೆಮ್ ತೀರಿಕೊಂಡ. ಮಣ್ಣು ಮಾಡಿದ ಮೇಲೆ ಚರ್ಚಿನ ಹಿಂದಿನ ಸಭಾಂಗಣದಲ್ಲಿ ಊಟ, ಹಂದಿಮಾಂಸ, ಆಲೂಗಡ್ಡೆ, ಬೆಣ್ಣೆ ಸುರಿಯುವ ಕೇಕು, ಎಲ್ಲರೂ ಕ್ಲೆಮ್ ಬಗ್ಗೆ ಒಂದೊಂದು ಮಾತಾಡಿದರು, ಡೆಸ್ಮಂಡ್ ಕಾಗದದ ತಟ್ಟೆ ಹಿಡಿದು ಗೋಡೆಗೆ ಒರಗಿದ್ದ, ಜೋಕು ಗಂಟಲವರೆಗೂ ಬಂದಿತ್ತು, ಆದರೆ ಕ್ಲೆಮ್ ಸಭಾಂಗಣದಲ್ಲಿ ಅಂತ ಹೇಳಿರಲಿಲ್ಲವಲ್ಲ, ಬಾಗಿಲಲ್ಲಿ ಅಂದಿದ್ದನಲ್ಲ. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಹದಿನೈದು, ಆಗ ಅಮ್ಮ ಬಿಡಳು, ಊರು ಬಿಡದು, ತನಗೇ ಬರಬೇಕು ಅನಿಸದೆ ಹೋಗಬಹುದು, ಅದೇ ಎಲ್ಲಕ್ಕಿಂತ ಭಯ, ಅನಿಸದೆ ಹೋಗಿಬಿಟ್ಟರೆ.

ನಾ ಬರಲ್ಲಪ್ಪ, ಆ ಅಜ್ಜಿ ಬೈತಾಳೆ ಎಂದಳು ಜೂನಿ, ಬೋಡನ್ ಬೇಲಿಯ ಮುಂದೆ ಕಾಲೂರಿ ನಿಂತು, ನೀ ಹೋಗ್ಬಾ, ನಾ ಇಲ್ಲೇ ರಸ್ತೇಲಿ ನಿಂತು ನಿನ್ನ ನೋಡ್ಕೋತೀನಿ. ನೋಡಿಕೊಳ್ಳಲು ಬಂದವನನ್ನು ಚಿಟ್ಟೆ ನೋಡಿಕೊಳ್ಳುತ್ತಿದೆ, ಒಂದು ಮೆಟ್ಟಿಲು, ಇನ್ನೊಂದು, ಎಲೆಗಳು ಬೂಟಿನಡಿ ಹಪ್ಪಳದಂತೆ ಪುಡಿಯಾಗುತ್ತಿವೆ, ಕಡಲೆಕಾಯಿ ಬೆಣ್ಣೆಯ ಮಿಠಾಯಿಯ ವಾಸನೆ, ಕುರ್ಚಿಯ ಕಾಲು ಊರಿದ್ದ ಜಾಗದಲ್ಲಿ ಬಣ್ಣ ಸವೆದಿದೆ — ಮಂಡಿ ಬಗ್ಗಿಸಲು ಮರೆತೇಹೋಯಿತು, ಗಂಟೆ ಒತ್ತಿದ ಮೇಲೆ ನೆನಪಾಗಿ ಅರೆಬರೆ ಬಗ್ಗಿದ, ಅಷ್ಟರಲ್ಲಿ ಬಾಗಿಲು ತೆರೆಯಿತು. ಮಿಸೆಸ್ ಬೋಡನ್, ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈ ಬಾಗಿಲ ಪಕ್ಕದ ಗೋಡೆಯ ಮೇಲೆ, ದೀಪದ ಸ್ವಿಚ್ಚಿನ ಮೇಲೆ. ಆಗಲೇ ಆರಿಸಲು ಹೊರಟಿದ್ದಳೋ ಏನೋ, ಬೆಳ್ಳಗಿನ ಬೆರಳುಗಳು, ಉಂಗುರ ಸಡಿಲವಾಗಿ ಗೆಣ್ಣಿಗೆ ಜಾರಿದೆ. ಅವಳು ಅವನ ಬೂಟಿನಿಂದ ಶುರುಮಾಡಿ ಮೇಲೆ ಮೇಲೆ ನೋಡುತ್ತ ಬಂದಳು, ನೋಡಿ ಮುಗಿಸಲು ಹೊತ್ತು ಹಿಡಿಯಿತು. ಎಷ್ಟು ವಯಸ್ಸು ನಿಂಗೆ? ಹನ್ನೆರಡು ಎಂದರೆ ಮುಗಿಯಿತು, ಬಟ್ಟೆಯೊಳಗಿನ ವಯಸ್ಸನ್ನು ಯಾರು ಕಂಡರು, ಆದರೆ ಗಂಡಸಿನ ಮಾತು ಹೇಳಲು ಬಂದು ಸುಳ್ಳಿನಿಂದ ಶುರು ಮಾಡುವುದೇ, ಹದಿನಾಲ್ಕು ಎಂದ, ಹದಿ ಬಾವಿಯ ತಳದಲ್ಲಿ, ನಾಲ್ಕು ಮರದ ತುದಿಯಲ್ಲಿ. ಹನ್ನೆರಡಕ್ಕೆ ಮುಗೀತು ಎಂದಳು ಮಿಸೆಸ್ ಬೋಡನ್, ಸಿಟ್ಟಿನಿಂದಲ್ಲ, ಅಂಗಡಿ ಮುಚ್ಚುವವರು ಹೇಳುವ ಹಾಗೆ, ಕೈ ಸ್ವಿಚ್ಚಿನ ಮೇಲೆ. ಚಾಕಲೇಟು ಬೇಡ ಮಿಸೆಸ್ ಬೋಡನ್, ಜೋಕು ಹೇಳೋಕೆ ಬಂದೆ ಅಷ್ಟೆ, ಮಿಸ್ಟರ್ ಬೋಡನ್‌ಗೆ ಮಾತು ಕೊಟ್ಟಿದ್ದೆ, ನಾನೇ ಕಟ್ಟಿದ್ದು, ಈ ಬಾಗಿಲಲ್ಲೇ ಹೇಳ್ಬೇಕು ಅಂದಿದ್ರು. ಬೇಲಿಯ ಹೊರಗೆ ಯಾರೋ ಮಕ್ಕಳು ಕಿರುಚಿ ನಕ್ಕು ಓಡಿದರು. ಕ್ಲೆಮ್‌ಗಾ? ಹೂಂ. ಸರಿ, ಹೇಳು. ಕೈ ಸ್ವಿಚ್ಚಿನ ಮೇಲೇ.

ಒಬ್ಬ ಮುದುಕ ಸತ್ತೋಗ್ತಾನೆ, ಎಂದು ಶುರುಮಾಡಿದ ಡೆಸ್ಮಂಡ್, ಸತ್ತು ಭೂತವಾಗಿ ರಾತ್ರಿ ಮನೆಗೆ ವಾಪಸ್ ಬರ್ತಾನೆ — ಮತ್ತು ಆಗ, ಆಗಲೇ, ಅದಕ್ಕೂ ಒಂದು ಚಣ ಮೊದಲಲ್ಲ, ತಾನು ಏನು ಹೇಳುತ್ತಿದ್ದೇನೆಂದು ಅವನಿಗೆ ಹೊಳೆಯಿತು. ಹಿಮದ ವಾರದಲ್ಲಿ ಮುದುಕ ಬರೀ ಮುದುಕನಾಗಿದ್ದ, ಭೂತ ಬರೀ ಭೂತವಾಗಿತ್ತು, ಕ್ಲೆಮ್ ತನ್ನ ಬಾಗಿಲ ಮುಂದೆ ಹಿಮ ಬಾಚುತ್ತಿದ್ದ, ಬದುಕಿದ್ದ, ಅಷ್ಟು ತಿಂಗಳಿಂದ ಹೇಳಿಕೊಂಡು ಹೇಳಿಕೊಂಡು ಪದಗಳು ನಾಲಿಗೆಯ ಮೇಲೆ ನಾಣ್ಯದ ಹಾಗೆ ಸವೆದುಹೋಗಿದ್ದವು, ಯಾವುದರ ಮೇಲೆ ಯಾರ ಮುಖ ಇದೆಯೆಂದು ನೋಡಿರಲೇ ಇಲ್ಲ, ಈಗ ಅವನು ವಿಧವೆಯೊಬ್ಬಳ ಹೊಸ್ತಿಲಲ್ಲಿ ಬಿಳಿಬಟ್ಟೆ ಹೊದ್ದು ಭೂತವಾಗಿ ನಿಂತು ಭೂತವಾದ ಗಂಡನ ಕಥೆ ಹೇಳುತ್ತಿದ್ದಾನೆ, ಓಡು ಎಂದವು ಕಾಲುಗಳು, ಅವಕ್ಕೇನು, ಉದ್ದವಿವೆ. ಓಡಲಿಲ್ಲ. ಬಟ್ಟೆಯನ್ನು ತಲೆಯಿಂದ ಎಳೆದು ತೆಗೆದ, ಭೂತ ಅಲ್ಲ ಎಂದಾದರೂ ಆಗಲಿ, ತಣ್ಣನೆ ಗಾಳಿ ಬೆವರಿದ ಮುಖಕ್ಕೆ ಬಡಿಯಿತು, ಕೂದಲು ಕೆದರಿದೆ, ಮೀಸೆ ದೀಪದ ಕೆಳಗೆ ಬಯಲಾಗಿ ನಿಂತಿದೆ, ಕ್ಷಮಿಸಿ ಮಿಸೆಸ್ ಬೋಡನ್, ನಾನು, ಇದು ಆಗ ಕಟ್ಟಿದ್ದು, ಅವರು ಇದ್ದಾಗ, ನಾನು ಯೋಚ್ನೆನೇ ಮಾಡ್ಲಿಲ್ಲ. ಆಮೇಲೆ? ಎಂದಳು ಅವಳು. ಏನು? ಮನೆಗೆ ವಾಪಸ್ ಬಂದ, ಆಮೇಲೆ? ಅರ್ಧ ಜೋಕು ಹೇಳಿ ಬಾಗಿಲಲ್ಲಿ ಬಿಟ್ಟು ಹೋಗ್ತಾರೇನೋ ಯಾರಾದ್ರೂ. ಕೈ ಇನ್ನೂ ಸ್ವಿಚ್ಚಿನ ಮೇಲೇ ಇದೆ. ಹೆಂಡತಿ, ಹೆಂಡತಿ ತಲೆ ಎತ್ತೋದೂ ಇಲ್ಲ, ಕಾಲು ಒರೆಸ್ಕೊಂಡು ಒಳಗೆ ಬಾ ಅಂತಾಳೆ, ಅವನು ಅಂತಾನೆ ನಾನು ಭೂತ ಕಣೇ, ನಂಗೆ ಕಾಲೇ ಇಲ್ಲ — ಅಲ್ಲಿಗೆ ದನಿ ಕಿತ್ತುಹೋಯಿತು, ಕೊನೆಯ ಸಾಲು ಇತ್ತು, ಏನೋ ಇತ್ತು, ಸತ್ತ ಮೇಲೂ ನೆಪ ಹೇಳ್ತೀಯಾ ಅಂತಲೋ ಏನೋ, ಗಾಳಿಗೆ ಹೋಯಿತು, ಕಾಲಡಿ ನೋಡಿದರೆ ಕಾಲು ಒರೆಸುವ ತೆಂಗಿನನಾರಿನ ಮ್ಯಾಟು, ಅಯ್ಯೋ, ಜೋಕು ತನ್ನ ತಲೆಯಿಂದ ಬಂದದ್ದೆಂದು ಬೀಗಿದ್ದನಲ್ಲ, ಇದೇ ಬಾಗಿಲಿಂದ ಬಂದದ್ದು, ಚಿಕ್ಕಂದಿನಿಂದ ಬೀದಿಯಲ್ಲಿ ಹೋಗುವಾಗಲೆಲ್ಲ ಕೇಳುತ್ತಿದ್ದ ಇದೇ ಹೆಂಗಸಿನ ದನಿ, ಕ್ಲೆಮ್, ಕಾಲು ಒರೆಸು, ಕ್ಲೆಮ್, ಆ ಕೆಸರು, ಕ್ಲೆಮ್.

ಮಿಸೆಸ್ ಬೋಡನ್ ಕೂಡ ಮ್ಯಾಟನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ, ಯಾರಿಗೋ ಹೇಳಿದಂತೆ, ಡೆಸ್ಮಂಡನಿಗಂತೂ ಅಲ್ಲ, ಸಣ್ಣಗೆ ಹೇಳಿದಳು, ಇದ್ದಾಗ ಒರೆಸಿದ್ಯಾ? ಅವನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಆಯಿತು, ಅಯ್ಯೋ ಎಷ್ಟು ಚೆನ್ನಾಗಿದೆ, ಒಂದಿಡೀ ಚಳಿಗಾಲ ಒದ್ದಾಡಿದರೂ ತನಗೆ ಸಿಗದ ಸಾಲು, ಅದು ನನ್ನದಕ್ಕಿಂತ ಚೆನ್ನಾಗಿದೆ ಎಂದುಬಿಟ್ಟ. ಗೊತ್ತು ಎಂದಳು. ಮೂಗು ಎಳೆದುಕೊಂಡಳು. ಮೊದ್ಲಿಂದ ಹೇಳು, ಪೂರ್ತಿ ಹೇಳು, ನೆಟ್ಟಗೆ ನಿಂತು ಹೇಳು, ಬಗ್ಗಿದೀಯ ಯಾಕೆ, ಕ್ಲೆಮ್‌ಗೆ ಬಲಗಿವಿ ಮಂದ, ಜೋರಾಗಿ ಹೇಳು. ಡೆಸ್ಮಂಡ್ ಮಂಡಿ ನೆಟ್ಟಗೆ ಮಾಡಿದ, ತಲೆ ದೀಪದ ಬುರುಡೆಗೆ ತಗಲುವಷ್ಟಾಯಿತು, ಒಬ್ಬ ಮುದುಕ ಸತ್ತೋಗ್ತಾನೆ, ಬೇಲಿಯಾಚೆ ಚಿಟ್ಟೆ ಕಿವಿಗೊಟ್ಟು ನಿಂತಿದೆ, ಸತ್ತು ಭೂತವಾಗಿ ಮನೆಗೆ ವಾಪಸ್ ಬರ್ತಾನೆ, ದನಿ ಎಲ್ಲಿ ಬೇಕಾದರೂ ಒಡೆಯಲಿ, ಒಡೆಯಿತು ಕೂಡ, ಒಡೆದದ್ದನ್ನೇ ಹಿಡಿದು ಮುಂದೆ ಹೋದ, ಕಾಲು ಒರೆಸ್ಕೊಂಡು ಬಾ ಅಂತಾಳೆ ಹೆಂಡತಿ, ನಂಗೆ ಕಾಲೇ ಇಲ್ವಲ್ಲೇ ಅಂತಾನೆ ಭೂತ, ಗಾಳಿಗೆ ಮೇಪಲ್ ಎಲೆಗಳು ಜಗಲಿಯುದ್ದಕ್ಕೂ ಸರಿದವು, ಅವಳು ಅಂತಾಳೆ, ಎಂದು ಅವನು ಇಡೀ ಬೀದಿಗೆ ಕೇಳುವಂತೆ, ಬಾವಿಯ ತಳದ ಹೊಸ ದನಿಯಲ್ಲಿ, ಒಂದೂ ಅಕ್ಷರ ನುಂಗದೆ, ಇದ್ದಾಗ ಒರೆಸಿದ್ಯಾ — ಮತ್ತು ಆ ಕೈ, ಸ್ವಿಚ್ಚಿನ ಮೇಲಿದ್ದ ಆ ಕೈ, ಸಡಿಲ ಉಂಗುರದ ಆ ಕೈ, ಈಗ ಅವಳ ಬಾಯಿಯ ಮೇಲೆ, ಮೇಲೆ ದೀಪ ಉರಿಯುತ್ತಿದೆ, ಭುಜ ಕುಲುಕುತ್ತಿದೆ, ಆ ಕೈ ಬಾಯಿಯ ಮೇಲೆ.